ಕೊಪ್ಪರಿಗೆಯ ತಳ ಕಬ್ಬಿಣದ್ದೋ, ಸ್ಟೀಲಿನದ್ದೋ?

ಕಳೆದ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ನನ್ನನ್ನು ಆಲೆಮನೆ ಹತ್ತಿರ ಕರೆದುಕೊಂಡು ಹೋಗಿ ಒಂದು ಪ್ರಶ್ನೆ ಕೇಳಿದ್ರು. "ಹಳೇ ಕಬ್ಬುಣದ ಕೊಪ್ಪರಿಗೆ ಹೋಯ್ತು ಕಣಪ್ಪ, ತಳ ತೂತು ಬಿತ್ತು. ಈ ಸಲ ಸ್ಟೀಲಿಂದು ಮಾಡಿಸೋಣ ಅಂತಿದೀನಿ. ಆದ್ರೆ ಅದು ಕಾಯಕ್ಕೆ ಜಾಸ್ತಿ ಹೊತ್ತು ತಗತದೆ, ಸಿಪ್ಪೆ ಜಾಸ್ತಿ ಉರೀತದೆ ಅಂತಾರೆ. ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಲೆಕ್ಕ ಹಾಕಿ ಹೇಳು."

ಆಗಷ್ಟೇ ಹೀಟ್ ಟ್ರಾನ್ಸ್‌ಫರ್ ಪರೀಕ್ಷೆ ಬರೆದು ಬಂದಿದ್ದ ಬಿಸಿ. ಡೇಟಾ ಹ್ಯಾಂಡ್‌ಬುಕ್ಕಿನ ಟೇಬಲ್ ಕಣ್ಣ ಮುಂದೆಯೇ ಇತ್ತು. ಮೈಲ್ಡ್ ಸ್ಟೀಲ್, ಅಂದರೆ ನಾವು ಕಬ್ಬಿಣ ಅನ್ನುವುದರ ಉಷ್ಣವಾಹಕತೆ ಸುಮಾರು 50. ಸ್ಟೇನ್‌ಲೆಸ್ ಸ್ಟೀಲಿನದ್ದು ಸುಮಾರು 15. "ಸ್ಟೀಲ್ ಬೇಡವೇ ಬೇಡ ದೊಡ್ಡಪ್ಪ, ಮೂರು ಪಟ್ಟು ಹೊತ್ತು ಹಿಡಿಯುತ್ತೆ" ಅಂದುಬಿಟ್ಟೆ.

ದೊಡ್ಡಪ್ಪ ನಕ್ಕರು. "ಮೂರ್ ಪಟ್ಟಾ? ಪಕ್ಕದೂರೋರು ಹೋದ್ ವರ್ಸನೇ ಸ್ಟೀಲಿಂದು ಹಾಕವ್ರೆ. ಅವ್ರಿಗೂ ಎರಡೂವರೆ ಗಂಟೆ, ನಮಗೂ ಎರಡೂವರೆ ಗಂಟೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋರಿಯರ್ 1822ರಲ್ಲಿ ಪುಸ್ತಕ ಬರೆದು ಕೊಟ್ಟ ನಿಯಮ ತಪ್ಪಿರಲಿಕ್ಕಿಲ್ಲ, ಪಕ್ಕದೂರಿನ ಗಡಿಯಾರವೂ ತಪ್ಪಿರಲಿಕ್ಕಿಲ್ಲ. ಹಾಗಾದರೆ ನಾನು ಎಡವಿದ್ದು ಎಲ್ಲಿ ಅಂತ ಹಾಸ್ಟೆಲ್ಲಿಗೆ ಬಂದು ಗೆಳೆಯರ ಜೊತೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವೇ ಈ ಲೇಖನ.

ಆಲೆಮನೆ ನೋಡದವರಿಗೆ ಎರಡು ಮಾತು. ನಮ್ಮ ಕೆ.ಆರ್.ಪೇಟೆಯಿಂದ ಪಾಂಡವಪುರ, ಮಂಡ್ಯದ ಕಡೆ ಬಸ್ಸಲ್ಲಿ ಹೋಗುವಾಗ ಗದ್ದೆ ಮಧ್ಯೆ ಹೊಗೆಗೂಡು, ಪಕ್ಕದ ಬಯಲಲ್ಲಿ ಒಣಹಾಕಿದ ಕಬ್ಬಿನ ಸಿಪ್ಪೆ ಕಂಡರೆ ಅದು ಆಲೆಮನೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು ಹಬ್ಬಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯೂ ಶುರುವಾಯಿತು. ಆದರೆ ಕಾರ್ಖಾನೆ ಬಂತು ಅಂತ ಬೆಲ್ಲ ನಿಲ್ಲಲಿಲ್ಲ. 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಇವತ್ತಿಗೂ ಮಂಡ್ಯದ ಹೆಸರಿನ ಮುಂದೆ ಇರುವುದು ಬೆಲ್ಲವೇ.

ಗಾಣದಲ್ಲಿ ಅರೆದು ಬಂದ ರಸಕ್ಕೆ ನಮ್ಮ ಕಡೆ ಕಬ್ಬಿನ ಹಾಲು ಅಂತಾರೆ. ಅದನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ಸುಣ್ಣದ ತಿಳಿ ಹಾಕಿ, ಕೆಲವರು ಬೆಂಡೆಗಿಡದ ಲೋಳೆಯನ್ನೂ ಹಾಕಿ, ಮೇಲೆ ತೇಲುವ ಮಡ್ಡಿ ತೆಗೆದು, ಕುದಿಸಿ ಕುದಿಸಿ ನೀರು ಹೋಗಲಾಡಿಸುತ್ತಾರೆ. ಸುಮಾರು 118 ಡಿಗ್ರಿಗೆ ಬಂದಾಗ ಪಾಕ. ಥರ್ಮಾಮೀಟರ್ ಏನೂ ಇಲ್ಲ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಒಲೆಗೆ ಉರಿ ಅದೇ ಕಬ್ಬಿನ ಒಣಗಿದ ಸಿಪ್ಪೆಯದು.

ಈಗ ಲೆಕ್ಕ. ಒಂದು ಕೊಪ್ಪರಿಗೆಗೆ 1000 ಕೆ.ಜಿ. ಹಾಲು ಅಂತ ಇಟ್ಟುಕೊಳ್ಳೋಣ. ಅದರಲ್ಲಿ 800 ಕೆ.ಜಿ.ಯಷ್ಟು ನೀರು ಆವಿಯಾಗಬೇಕು. ನೀರಿನ ಗುಪ್ತೋಷ್ಣ ಕೆ.ಜಿ.ಗೆ 2257 ಕಿಲೋಜೂಲ್, ಅಂದರೆ ಆವಿಗೇ 18 ಲಕ್ಷ ಕಿಲೋಜೂಲ್. ಕುದಿಯುವ ತನಕ ಕಾಯಿಸುವುದಕ್ಕೆ ಇನ್ನೊಂದು 3 ಲಕ್ಷ. ಒಟ್ಟು 21 ಲಕ್ಷವನ್ನು ಎರಡೂವರೆ ಗಂಟೆಗೆ ಹಂಚಿದರೆ ಸುಮಾರು 233 ಕಿಲೋವ್ಯಾಟ್ ಬರುತ್ತೆ. ತಳದ ವಿಸ್ತೀರ್ಣ 5 ಚದರ ಮೀಟರ್ ಅಂದರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 47 ಕಿಲೋವ್ಯಾಟ್.

ತಳ 5 ಮಿ.ಮೀ. ದಪ್ಪದ ಕಬ್ಬಿಣ. ಇಷ್ಟು ಶಾಖ ಅದನ್ನು ದಾಟಿ ಹೋಗಬೇಕಾದರೆ ತಳದ ಕೆಳಗೂ ಮೇಲೂ ಎಷ್ಟು ಡಿಗ್ರಿ ವ್ಯತ್ಯಾಸ ಇರಬೇಕು? ದಪ್ಪವನ್ನು ಉಷ್ಣವಾಹಕತೆಯಿಂದ ಭಾಗಿಸಿ, ಅಂದರೆ 0.005 ಭಾಗ 50, ಅದನ್ನು 47,000ದಿಂದ ಗುಣಿಸಿ. ಬರುವುದು 4.7 ಡಿಗ್ರಿ. ಅಷ್ಟೇ. ಒಲೆಯಲ್ಲಿ ಬೆಂಕಿ 900 ಡಿಗ್ರಿ, ಮೇಲೆ ಹಾಲು 100 ಡಿಗ್ರಿ. ನಡುವೆ ಇರುವ 800 ಡಿಗ್ರಿ ಇಳಿಜಾರಿನಲ್ಲಿ ಕಬ್ಬಿಣದ ಪಾಲು ಐದು ಡಿಗ್ರಿಯೂ ಇಲ್ಲ. ಇದನ್ನು ನೋಡಿದಾಗ ನನಗೆ ನಿಜಕ್ಕೂ ನಾಚಿಕೆ ಆಯ್ತು. ಉಳಿದ 795 ಡಿಗ್ರಿ ಎಲ್ಲಿ ಹೋಯಿತು ಅಂತ ಕೇಳದೆ ನಾನು ದೊಡ್ಡಪ್ಪನಿಗೆ ಉತ್ತರ ಹೇಳಿದ್ದೆ.

ಅದು ಹೋಗುವುದು ಬಹುಪಾಲು ಕೆಳಗಡೆ, ಬೆಂಕಿಯ ಬಿಸಿಗಾಳಿಯಿಂದ ಕಬ್ಬಿಣದ ಮೈಗೆ ಶಾಖ ಬರುವ ಜಾಗದಲ್ಲಿ. ಗಾಳಿ ಶಾಖ ಕೊಡುವುದರಲ್ಲಿ ಬಲು ಜಿಪುಣ. ಉರಿಯ ವಿಕಿರಣವನ್ನೂ ಸೇರಿಸಿಕೊಂಡು ಆ ಕಡೆಯ ಶಾಖ ವರ್ಗಾವಣೆ ಗುಣಾಂಕ 60ರ ಸುಮಾರು ಅಂತ ಹಿಡಿಯೋಣ. ಮೇಲುಗಡೆ ಕುದಿಯುವ ಹಾಲಿನ ಕಡೆ ಅದೇ ಗುಣಾಂಕ 3000ದ ಆಸುಪಾಸು. ಈ ಎರಡೂ ಅಂದಾಜು, ಆದರೆ ಎರಡರ ನಡುವಿನ ಅಂತರ ಅಂದಾಜಿನ ತಪ್ಪಿಗಿಂತ ತುಂಬಾ ದೊಡ್ಡದು.

ಉಷ್ಣರೋಧ ಅಂತ ಹೇಳಿ 0.0167, 0.0001, 0.00033 ಅಂತ ಬರೆದರೆ ಯಾರ ತಲೆಗೂ ಹೋಗಲ್ಲ, ದೊಡ್ಡಪ್ಪನಿಗಂತೂ ಅಲ್ಲ. ಅದಕ್ಕೆ ನಾವು ಒಂದು ಉಪಾಯ ಮಾಡಿದೆವು. ಪ್ರತಿಯೊಂದು ರೋಧವನ್ನೂ 50ರಿಂದ ಗುಣಿಸಿ "ಇದು ಎಷ್ಟು ದಪ್ಪದ ಕಬ್ಬಿಣಕ್ಕೆ ಸಮ?" ಅಂತ ನೋಡೋದು. ಆಗ ಚಿತ್ರ ಕಣ್ಣಿಗೆ ಕಟ್ಟುತ್ತೆ. ಬೆಂಕಿ ಕಡೆಯ ಗಾಳಿ 83 ಸೆಂ.ಮೀ. ಕಬ್ಬಿಣಕ್ಕೆ ಸಮ. ಕುದಿಯುವ ಹಾಲಿನ ಪದರ 1.7 ಸೆಂ.ಮೀ. ನಿಜವಾದ ಕಬ್ಬಿಣದ ತಳ ಅರ್ಧ ಸೆಂ.ಮೀ. ಒಟ್ಟು ಸುಮಾರು 85.5 ಸೆಂ.ಮೀ. ಸೊಂಟದೆತ್ತರದ ಕಬ್ಬಿಣದ ಗೋಡೆ ಅಂದುಕೊಳ್ಳಿ, ಅದರಲ್ಲಿ ಕೊಪ್ಪರಿಗೆಯ ಪಾಲು ಕಿರುಬೆರಳಿನ ದಪ್ಪವೂ ಅಲ್ಲ.

ಈಗ ಆ ಅರ್ಧ ಸೆಂ.ಮೀ. ಕಬ್ಬಿಣ ತೆಗೆದು ಅಷ್ಟೇ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಅದು 1.7 ಸೆಂ.ಮೀ. ಕಬ್ಬಿಣಕ್ಕೆ ಸಮ. ಹೌದು, ಮೂರು ಪಟ್ಟಿಗಿಂತ ಜಾಸ್ತಿ ಆಯ್ತು. ಆದರೆ ಒಟ್ಟು ಗೋಡೆ 85.5ರಿಂದ 86.7ಕ್ಕೆ ಏರಿತು ಅಷ್ಟೇ. 150 ನಿಮಿಷದ ಕೆಲಸ 152 ನಿಮಿಷ ಆಗುತ್ತೆ. ತಾಮ್ರ ಹಾಕಿಸಿದರೆ 149 ನಿಮಿಷ. ತಾಮ್ರದ ಕೊಪ್ಪರಿಗೆಯ ಖರ್ಚು ನೆನೆಸಿಕೊಂಡರೆ ಆ ಒಂದು ನಿಮಿಷ ಬಹಳ ದುಬಾರಿ. ಪಕ್ಕದೂರಿನವರ ಗಡಿಯಾರ ಸರಿಯಾಗೇ ಇತ್ತು.

ಬಯೋ ಸಂಖ್ಯೆ ಅಂತ ನಾವು ಪರೀಕ್ಷೆಗೆ ಕಂಠಪಾಠ ಮಾಡುತ್ತೀವಲ್ಲ, ಅದು ಹೇಳುವುದೂ ಇದನ್ನೇ. ಗುಣಾಂಕ 60, ದಪ್ಪ 0.005, ಭಾಗ 50 ಅಂದರೆ 0.006. 0.1ಕ್ಕಿಂತ ಬಹಳ ಕಡಿಮೆ. "0.1ಕ್ಕಿಂತ ಕಡಿಮೆ ಇದ್ದರೆ ಲಂಪ್ಡ್" ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೆ. ಆ ವಾಕ್ಯದ ಅರ್ಥ "ಲೋಹದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಹೊರಗಡೆ ನೋಡು" ಅಂತ ಆಗ ಗೊತ್ತಿರಲಿಲ್ಲ.

ಹಾಗಾದರೆ ಮನೆಯಲ್ಲಿ ತಾಮ್ರದ ತಳದ ಪಾತ್ರೆ ಯಾಕೆ ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ. ಅಲ್ಲಿ ತಾಮ್ರದ ಕೆಲಸ ಶಾಖವನ್ನು ಬೇಗ ಮೇಲೆ ದಾಟಿಸೋದಲ್ಲ, ಅಡ್ಡಡ್ಡ ಹರಡೋದು. ಗ್ಯಾಸ್ ಒಲೆಯ ಉರಿ ಒಂದು ಬಳೆಯಷ್ಟು ಜಾಗಕ್ಕೆ ತಾಗುತ್ತೆ, ತೆಳು ಸ್ಟೀಲಿನಲ್ಲಿ ಆ ಬಳೆಯಾಕಾರಕ್ಕೇ ಪಾಯಸ ತಳ ಹಿಡಿಯುತ್ತೆ. ಆಲೆಮನೆ ಒಲೆಯಲ್ಲಿ ಉರಿ ತಳದ ತುಂಬ ಹರಡಿರುವುದರಿಂದ ಆ ತೊಂದರೆ ಕಡಿಮೆ. ಆದರೂ ಉರಿ ಒಂದೇ ಕಡೆ ಬಡಿಯುವ ಒಲೆ ಆಗಿದ್ದರೆ ಸ್ಟೀಲ್ ತಳ ಸೊಟ್ಟಗಾಗಬಹುದು. ಅದು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತೆ, ಶಾಖ ಹರಡುವುದು ಕಡಿಮೆ. ಈ ಎಚ್ಚರಿಕೆ ದೊಡ್ಡಪ್ಪನಿಗೆ ಹೇಳಿದ್ದೀನಿ.

ಮಸಿ ಮತ್ತು ಚಕ್ಕೆ

ಲೋಹದ ಬಗ್ಗೆ ಇಷ್ಟೆಲ್ಲ ಚರ್ಚೆ ಮಾಡುವವರು ಕೊಪ್ಪರಿಗೆಯ ಅಡಿಗೆ ಬಗ್ಗಿ ನೋಡುವುದು ಅಪರೂಪ. ಅಲ್ಲಿ ಮಸಿ ಇರುತ್ತೆ. ಮಸಿಯ ಉಷ್ಣವಾಹಕತೆ 0.1ರ ಸುಮಾರು. ಅರ್ಧ ಮಿಲಿಮೀಟರ್ ಮಸಿ ಕೂತರೆ ಅದು 25 ಸೆಂ.ಮೀ. ಕಬ್ಬಿಣಕ್ಕೆ ಸಮ! ಇನ್ನೊಮ್ಮೆ ಓದಿ: ಉಗುರಲ್ಲಿ ಕೆರೆದರೆ ಹೋಗುವ ಮಸಿ ಒಂದು ಗೇಣಿಗಿಂತ ದಪ್ಪದ ಕಬ್ಬಿಣದ ಹಾಗೆ ಶಾಖವನ್ನು ತಡೆಯುತ್ತೆ. 150 ನಿಮಿಷದ ಕೆಲಸ 194 ನಿಮಿಷಕ್ಕೆ ಹೋಗುತ್ತೆ. ಸ್ಟೀಲ್ ಹಾಕಿ ಕಳೆದುಕೊಳ್ಳುವುದು ಎರಡು ನಿಮಿಷ, ಮಸಿ ಕೆರೆಯದೆ ಕಳೆದುಕೊಳ್ಳುವುದು ಮುಕ್ಕಾಲು ಗಂಟೆ. ನಿಜವಾದ ಒಲೆಯಲ್ಲಿ ಜೋರು ಉರಿ ತಾಗುವ ಕಡೆ ಮಸಿ ಸ್ವಲ್ಪ ಸುಟ್ಟು ಹೋಗುತ್ತೆ, ಹಸಿ ಸಿಪ್ಪೆ ಹಾಕಿ ಹೊಗೆ ಎದ್ದಾಗ ಜಾಸ್ತಿ ಕೂರುತ್ತೆ. ಹಾಗಾಗಿ ದಿನದಿಂದ ದಿನಕ್ಕೆ ವ್ಯತ್ಯಾಸ ಇರುತ್ತೆ.

ಮೇಲುಗಡೆ, ಹಾಲಿನ ಕಡೆ, ಸುಣ್ಣ ಮತ್ತು ಸೀದ ಸಕ್ಕರೆಯ ಗಟ್ಟಿ ಚಕ್ಕೆ ಕೂರುತ್ತೆ. ಅದರ ಉಷ್ಣವಾಹಕತೆ 0.5 ಅಂದುಕೊಂಡರೆ ಒಂದು ಮಿ.ಮೀ. ಚಕ್ಕೆ 10 ಸೆಂ.ಮೀ. ಕಬ್ಬಿಣಕ್ಕೆ ಸಮ. ಶಾಖ ಹತ್ತರಲ್ಲಿ ಒಂದು ಪಾಲು ಕಡಿಮೆ ಆಗುತ್ತೆ.

ಇದೇ ಚಕ್ಕೆಯನ್ನು ಸಕ್ಕರೆ ಕಾರ್ಖಾನೆಗೆ ತಗೊಂಡು ಹೋಗಿ ನೋಡೋಣ. ಅಲ್ಲಿ ಉರಿಯ ಬದಲು ಹಬೆ. ಕೊಳವೆಯ ಹೊರಗೆ ಹಬೆ ನೀರಾಗಿ ಇಳಿಯುತ್ತೆ, ಒಳಗೆ ರಸ ಕುದಿಯುತ್ತೆ. ಹಬೆ ಕಡೆಯ ಗುಣಾಂಕ 8000, ರಸದ ಕಡೆ 4000, ಕೊಳವೆ 1.2 ಮಿ.ಮೀ. ಸ್ಟೇನ್‌ಲೆಸ್ ಅಂತ ಇಟ್ಟುಕೊಂಡರೆ ಮೂರೂ ಸೇರಿ 2.3 ಸೆಂ.ಮೀ. ಕಬ್ಬಿಣಕ್ಕೆ ಸಮ. ಆಲೆಮನೆಯ 85 ಸೆಂ.ಮೀ. ಗೋಡೆ ಇಲ್ಲಿ ಇಲ್ಲವೇ ಇಲ್ಲ. ಈಗ ಅರ್ಧ ಮಿ.ಮೀ. ಚಕ್ಕೆ ಕೂರಲಿ, ಅಂದರೆ 5 ಸೆಂ.ಮೀ. ಸೇರಿತು. 2.3 ಇದ್ದದ್ದು 7.3 ಆಯ್ತು, ಶಾಖ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಿತ್ತು. ಅದೇ ಅರ್ಧ ಮಿ.ಮೀ. ಚಕ್ಕೆ ದೊಡ್ಡಪ್ಪನ ಕೊಪ್ಪರಿಗೆಯಲ್ಲಿ ಕೂತರೆ ಕಡಿಮೆ ಆಗೋದು ಶೇ. 5.5 ಮಾತ್ರ.

ಕಾರ್ಖಾನೆಯವರು ಯಾಕೆ ಆಗಾಗ ಬಾಷ್ಪೀಕರಣ ಪಾತ್ರೆಗಳನ್ನು ನಿಲ್ಲಿಸಿ ಕಾಸ್ಟಿಕ್ ಸೋಡಾ ಹಾಕಿ ತೊಳೆಯುತ್ತಾರೆ, ಆಲೆಮನೆಯವರು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಆಲೆಮನೆಯವರು ಸೋಮಾರಿಗಳಲ್ಲ. ಅವರ ದೊಡ್ಡ ತಡೆ ಬೇರೆ ಕಡೆ ಇದೆ.

ಕೊನೆಯ ಹತ್ತು ನಿಮಿಷ

ಇಷ್ಟೇ ಆಗಿದ್ದರೆ ಮೇಲುಗಡೆಯ ಪದರವನ್ನು ಮರೆತುಬಿಡಬಹುದಿತ್ತು. ಆದರೆ ಬೆಲ್ಲಕ್ಕೆ ರೇಟು ಬರುವುದು ಬಣ್ಣದ ಮೇಲೆ, ಬಣ್ಣ ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ. ಆಗ ಶಾಖ ಎಷ್ಟು ಹೋಗುತ್ತೆ ಅನ್ನುವುದಕ್ಕಿಂತ ತಳದ ಮೈ ಎಷ್ಟು ಡಿಗ್ರಿಯಲ್ಲಿ ಇದೆ ಅನ್ನುವುದು ಮುಖ್ಯ.

ಮೊದಮೊದಲು ಹಾಲು ನೀರಿನ ಹಾಗೆ ಕುದಿಯುವಾಗ ತಳದ ಒಳಮೈ ಸುಮಾರು 116 ಡಿಗ್ರಿ, ಏನೂ ಭಯ ಇಲ್ಲ. ಪಾಕ ಗಟ್ಟಿಯಾಗುತ್ತಾ ಬಂದ ಹಾಗೆ ಆ 3000 ಇದ್ದ ಗುಣಾಂಕ ಕುಸಿಯುತ್ತೆ. 300ಕ್ಕೆ ಬಂತು ಅಂದುಕೊಳ್ಳಿ. ಪಾಕ 118 ಡಿಗ್ರಿ, ಒಲೆ ಇನ್ನೂ 900ರಲ್ಲೇ ಉರಿಯುತ್ತಿದ್ದರೆ ತಳದ ಮೈ ಸುಮಾರು 248 ಡಿಗ್ರಿ ಆಗುತ್ತೆ! ಸಕ್ಕರೆ 160 ಡಿಗ್ರಿ ದಾಟಿದರೆ ಕಂದಾಗೋಕೆ ಶುರು. ಅಂದರೆ ಮೇಲೆ ಥರ್ಮಾಮೀಟರ್ ಇಟ್ಟು "118 ಸರಿಯಾಗಿದೆ" ಅನ್ನುವಾಗಲೇ ತಳದಲ್ಲಿ ಬೆಲ್ಲ ಸೀಯುತ್ತಿರುತ್ತೆ.

ಪಾಕ ನೋಡುವವರು ಆಗ ಏನು ಮಾಡ್ತಾರೆ? ಒಲೆಗೆ ಸಿಪ್ಪೆ ಹಾಕೋದು ನಿಲ್ಲಿಸ್ತಾರೆ. ಉರಿ 500 ಡಿಗ್ರಿಗೆ ಇಳಿದರೆ ತಳದ ಮೈ 181. ಜೊತೆಗೆ ಬಿಡದೆ ಮಗುಚುತ್ತಾರೆ. ಮಗುಚಿದ್ದರಿಂದ ಗುಣಾಂಕ 300ರಿಂದ 600ಕ್ಕೆ ಏರಿದರೂ ಸಾಕು, ತಳದ ಮೈ 153ಕ್ಕೆ ಬರುತ್ತೆ. ಅಂದರೆ ಸೀಯುವ ಗೆರೆಯಿಂದ ಕೆಳಗೆ. ನಾನು ಕ್ಯಾಲ್ಕುಲೇಟರ್ ಹಿಡಿದು ಒಂದು ರಾತ್ರಿ ಮಾಡಿದ್ದನ್ನು ಅವರು ಉರಿಯ ಸದ್ದು, ಗುಳ್ಳೆಯ ಗಾತ್ರ ನೋಡಿ ಮಾಡ್ತಾರೆ. ಇದನ್ನು ಹೊಗಳಿಕೆಗೆ ಹೇಳ್ತಾ ಇಲ್ಲ. ಇಬ್ಬರೂ ಒಂದೇ ಸಮೀಕರಣ ಬಿಡಿಸುತ್ತಿದ್ದೀವಿ, ಅವರು ತಪ್ಪು ಮಾಡಿದರೆ ಒಂದು ಕೊಪ್ಪರಿಗೆ ಬೆಲ್ಲ ಹೋಗುತ್ತೆ, ನಾನು ತಪ್ಪು ಮಾಡಿದರೆ ಐದು ಮಾರ್ಕ್ಸ್.

ಬಣ್ಣ ಕಪ್ಪಾದ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅದಕ್ಕೇ ಹೈಡ್ರೋಸ್ ಅನ್ನುವ ರಾಸಾಯನಿಕ ಬಂದದ್ದು, ಹಾಕಿದ ಕೂಡಲೇ ಬೆಲ್ಲ ಬೆಳ್ಳಗಾಗುತ್ತೆ. ಬಣ್ಣಕ್ಕೆ ಕಬ್ಬಿನ ತಳಿ, ಮಣ್ಣು, ಸುಣ್ಣದ ಪ್ರಮಾಣ ಎಲ್ಲವೂ ಕಾರಣ ಹೌದು. ಆದರೆ ತಳದ ಮೈಯ ಉಷ್ಣತೆ ನಮ್ಮ ಕೈಯಲ್ಲಿರುವ ಕಾರಣ. ಇನ್ನೊಂದು: ಕಬ್ಬಿನ ಹಾಲು ಸ್ವಲ್ಪ ಹುಳಿ, ಕಬ್ಬಿಣ ಅದರಲ್ಲಿ ಸ್ವಲ್ಪ ಸ್ವಲ್ಪ ಕರಗಿ ಬಣ್ಣವನ್ನು ಕಪ್ಪು ಮಾಡುತ್ತೆ. ಈ ವಿಷಯದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಗೆಲ್ಲುತ್ತೆ. ಎರಡು ನಿಮಿಷಕ್ಕೆ ಹೆದರಿ ಇದನ್ನು ಬಿಡುವುದು ದಡ್ಡತನ.

ಆ 83 ಸೆಂ.ಮೀ. ಗೋಡೆ ಕಡಿಮೆ ಮಾಡೋದು ಹೇಗೆ?

ಇದು ಬರೀ ಹೊತ್ತಿನ ವಿಷಯ ಅಲ್ಲ, ಸಿಪ್ಪೆಯ ವಿಷಯ. 1000 ಕೆ.ಜಿ. ಹಾಲು ಬರಲು ಸುಮಾರು 1650 ಕೆ.ಜಿ. ಕಬ್ಬು ಅರೆಯಬೇಕು, 650 ಕೆ.ಜಿ. ಹಸಿ ಸಿಪ್ಪೆ ಸಿಗುತ್ತೆ. ಅರ್ಧ ನೀರೇ ಇರುವ ಆ ಸಿಪ್ಪೆ ಬಿಸಿಲಲ್ಲಿ ಚೆನ್ನಾಗಿ ಒಣಗಿದರೆ 360 ಕೆ.ಜಿ. ಉಳಿಯುತ್ತೆ. ಕೆ.ಜಿ.ಗೆ 15,000 ಕಿಲೋಜೂಲ್ ಅಂದರೆ ಒಟ್ಟು 54 ಲಕ್ಷ. ನಮಗೆ ಬೇಕಾದದ್ದು 21 ಲಕ್ಷ. ಹಾಗಾಗಿ ಒಲೆಯ ದಕ್ಷತೆ ಶೇ. 40ರ ಹತ್ತಿರ ಇದ್ದರೆ ಸ್ವಂತ ಸಿಪ್ಪೆಯಲ್ಲೇ ಬೆಲ್ಲ ಆಗುತ್ತೆ. ಅದಕ್ಕಿಂತ ಕೆಳಗಿದ್ದರೆ ಹೊರಗಿಂದ ಏನಾದರೂ ತಂದು ಸುಡಬೇಕು. ಮಳೆ ಹಿಡಿದು ಸಿಪ್ಪೆ ಒಣಗದಿದ್ದರೆ ಇನ್ನೂ ಕಷ್ಟ. ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ ಸುಡುತ್ತಾರೆ ಅನ್ನುವ ದೂರು ಬರುವುದು ಇಂಥ ಹೊತ್ತಲ್ಲೇ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕೂತವರು ಮತ್ತು ಪಕ್ಕದ ಮನೆಯವರು.

ಗಾಳಿ ಜಿಪುಣ ಅಂತಾದರೆ ಗಾಳಿಗೆ ತಾಗುವ ಮೈಯನ್ನು ಜಾಸ್ತಿ ಮಾಡಬೇಕು. ಬೈಕಿನ ಇಂಜಿನ್ ಮೇಲೆ, ಲಾರಿಯ ರೇಡಿಯೇಟರ್ ಮೇಲೆ ಇರುವ ರೆಕ್ಕೆಗಳು, ಅಂದರೆ ಫಿನ್‌ಗಳು, ಇರುವುದು ಅದಕ್ಕೇ. ರೇಡಿಯೇಟರ್‌ನಲ್ಲಿ ಫಿನ್ ಯಾಕೆ ಗಾಳಿ ಕಡೆ ಇದೆ, ನೀರಿನ ಕಡೆ ಯಾಕಿಲ್ಲ ಅಂತ ವೈವಾದಲ್ಲಿ ಕೇಳುತ್ತಾರಲ್ಲ, ಉತ್ತರ ಈ ಗೋಡೆ ಲೆಕ್ಕವೇ. ದಪ್ಪ ಗೋಡೆ ಯಾವ ಕಡೆ ಇದೆಯೋ ಆ ಕಡೆ ಅಗೆಯಬೇಕು. ಲಕ್ನೋದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯವರು ಬೆಲ್ಲದ ಕೊಪ್ಪರಿಗೆಯ ಅಡಿಗೆ ಫಿನ್ ಹಾಕಿ ಪರೀಕ್ಷೆ ಮಾಡಿದ್ದಾರೆ, ಇಂಧನದಲ್ಲಿ ಸುಮಾರು ಶೇ. 30ರಷ್ಟು ಉಳಿತಾಯ ಆಯಿತು ಅಂತ ಪ್ರಕಟಿಸಿದ್ದಾರೆ. ಕೊಪ್ಪರಿಗೆಯಿಂದ ಹೊಗೆಗೂಡಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಇಟ್ಟು ಮುಂದಿನ ಹಾಲನ್ನು ಮೊದಲೇ ಕಾಯಿಸಿಕೊಳ್ಳುವುದು ಇನ್ನೊಂದು ಹಳೇ ದಾರಿ.

ಫಿನ್ ವಿಷಯಕ್ಕೆ ಬಂದಾಗ ಒಂದು ತಮಾಷೆ ಇದೆ. ಇಲ್ಲಿ ಉಷ್ಣವಾಹಕತೆ ಮತ್ತೆ ಮುಖ್ಯ ಆಗುತ್ತೆ. ತಳದಲ್ಲಿ ಶಾಖ 5 ಮಿ.ಮೀ. ದಾಟಿದರೆ ಸಾಕು, ಫಿನ್‌ನಲ್ಲಿ ತುದಿಯಿಂದ ಬುಡದವರೆಗೆ ಉದ್ದಕ್ಕೆ ನಡೆದು ಬರಬೇಕು. 5 ಮಿ.ಮೀ. ದಪ್ಪ, 5 ಸೆಂ.ಮೀ. ಉದ್ದದ ಫಿನ್‌ಗೆ ಲೆಕ್ಕ ಹಾಕಿದರೆ ದಕ್ಷತೆ ತಾಮ್ರದಲ್ಲಿ ಶೇ. 95, ಕಬ್ಬಿಣದಲ್ಲಿ 73, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 48. ಅಂದರೆ "ಸ್ಟೀಲ್ ಬೇಡ ದೊಡ್ಡಪ್ಪ" ಅಂತ ನಾನು ಮೊದಲ ದಿನ ಹೇಳಿದ ಮಾತು ತಳಕ್ಕೆ ತಪ್ಪು, ಫಿನ್‌ಗೆ ಸರಿ. ಸ್ಟೀಲಿನ ತಳಕ್ಕೆ ಕಬ್ಬಿಣದ ಫಿನ್ ಬೆಸೆಯಬಹುದು, ವೆಲ್ಡಿಂಗ್‌ನವರು ಇಂಥ ಎರಡು ಜಾತಿಯ ಲೋಹಕ್ಕೆ 309 ರಾಡ್ ಬಳಸುತ್ತಾರೆ. ಆದರೆ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗುವುದರಿಂದ ಬೆಸುಗೆ ಎಷ್ಟು ದಿನ ಬಾಳುತ್ತೆ ಅಂತ ಮಾಡಿಯೇ ನೋಡಬೇಕು. ಫಿನ್ ಸಂದಿಯಲ್ಲಿ ಮಸಿ ಕೂತರೆ ಕೆರೆಯುವುದೂ ಸುಲಭ ಅಲ್ಲ. ಇನ್ನೊಂದು ಮಾತು, 60ರ ಗುಣಾಂಕದಲ್ಲಿ ವಿಕಿರಣದ ಪಾಲೂ ಇದೆ. ಫಿನ್‌ಗಳು ಒಂದಕ್ಕೊಂದು ಮುಖ ಮಾಡಿ ನಿಂತಾಗ ಆ ಪಾಲು ಮೈ ಹೆಚ್ಚಾದಷ್ಟೇ ಹೆಚ್ಚಾಗಲ್ಲ. ಹಾಗಾಗಿ ಈ ಅಂಕಿಗಳನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ.

ಅಚ್ಚಿನೊಳಗೆ

ಕೊಪ್ಪರಿಗೆಯಲ್ಲಿ ವಹನಕ್ಕೆ ಬೆಲೆಯೇ ಇಲ್ಲ ಅಂತಾಯ್ತು. ಅದು ಯಜಮಾನ ಆಗುವುದು ಬೆಲ್ಲ ಅಚ್ಚಿಗೆ ಬಿದ್ದ ಮೇಲೆ. ಬೆಲ್ಲದ ಉಷ್ಣವಾಹಕತೆ 0.3ರ ಸುಮಾರು, ಕಬ್ಬಿಣದ ನೂರೈವತ್ತನೇ ಒಂದು ಪಾಲೂ ಇಲ್ಲ. ಒಳಗಿನ ಬಿಸಿ ಹೊರಗೆ ಬರಬೇಕಾದರೆ ಆ ಬೆಲ್ಲದ ಮೂಲಕವೇ ಬರಬೇಕು. ತಗಲುವ ಕಾಲ ದಪ್ಪದ ವರ್ಗದ ಮೇಲೆ ಹೋಗುತ್ತೆ, ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು.

ಅಚ್ಚುಬೆಲ್ಲದ ನಡುವಿನಿಂದ ಅಂಚಿಗೆ 2 ಸೆಂ.ಮೀ. ಅಂತ ಹಿಡಿದರೆ ಉಷ್ಣ ವಿಸರಣದ ಕಾಲ ಒಂದು ಗಂಟೆಯ ಹತ್ತಿರ ಬರುತ್ತೆ. ಬಕೆಟ್ ಬೆಲ್ಲದಲ್ಲಿ ನಡುವಿನಿಂದ ಅಂಚಿಗೆ 12 ಸೆಂ.ಮೀ. ಆರು ಪಟ್ಟು ದಪ್ಪ, ಹಾಗಾಗಿ ಮೂವತ್ತಾರು ಪಟ್ಟು ಕಾಲ, ಅಂದರೆ 33 ಗಂಟೆಯ ಸುಮಾರು. ಬೆಳಿಗ್ಗೆ ಸುರಿದ ಬಕೆಟ್ಟಿನ ಹೊರಮೈ ಸಂಜೆಗೆ ಕೈಗೆ ತಣ್ಣಗೆ ಹತ್ತಿದರೂ ನಡುವೆ ಇನ್ನೂ ಬಿಸಿ ಇರುತ್ತೆ, ಆ ಬಿಸಿಯಲ್ಲಿ ಬಣ್ಣ ನಿಧಾನಕ್ಕೆ ಕಪ್ಪಾಗುತ್ತಾ ಹೋಗುತ್ತೆ. ಬಕೆಟ್ ಬೆಲ್ಲ ಒಡೆದಾಗ ಹೊರಗೆ ಹೊಂಬಣ್ಣ, ಒಳಗೆ ಕಂದು ಕಂಡರೆ ಈ ಕಾರಣವನ್ನೂ ನೆನಪಿಸಿಕೊಳ್ಳಿ. ಪಾಕವನ್ನು ಅಚ್ಚಿಗೆ ಹಾಕುವ ಮುಂಚೆ ಅಗಲವಾದ ತೊಟ್ಟಿಯಲ್ಲಿ ತೆಳ್ಳಗೆ ಹರಡಿ ಮಗುಚಿ ತಣಿಸುವುದು ಆ ವರ್ಗವನ್ನು ತಪ್ಪಿಸಿಕೊಳ್ಳುವ ದಾರಿ.

ಸಿವಿಲ್‌ನವರಿಗೆ ಒಂದು ಮಾತು. ಕಾಂಕ್ರೀಟು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತೆ. ಅಮೆರಿಕದ ಹೂವರ್ ಅಣೆಕಟ್ಟನ್ನು ಒಂದೇ ಮುದ್ದೆಯಾಗಿ ಸುರಿದಿದ್ದರೆ ತಣ್ಣಗಾಗಲು 125 ವರ್ಷ ಬೇಕಾಗುತ್ತಿತ್ತು ಅಂತ ಅಲ್ಲಿನ ಇಂಜಿನಿಯರುಗಳ ಅಂದಾಜು. ಅದಕ್ಕೆ ಕಟ್ಟೆಯನ್ನು ತುಂಡು ತುಂಡಾಗಿ ಎರಕ ಹೊಯ್ದು, ಒಳಗೆ 900 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆ ಇಟ್ಟು ತಣ್ಣೀರು ಹರಿಸಿದರು. ನಮ್ಮ ಕನ್ನಂಬಾಡಿ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯದು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಆ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತೆ, ಬಿಸಿಯೂ ನಿಧಾನಕ್ಕೆ ಬರುತ್ತೆ. 1911ರಲ್ಲಿ ಶುರುವಾದ ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿದಿದ್ದರಿಂದ ತಣಿಯೋಕೆ ಬೇಕಾದಷ್ಟು ಬಿಡುವೂ ಸಿಕ್ಕಿತು. ಬಕೆಟ್ ಬೆಲ್ಲಕ್ಕೂ ಕಟ್ಟೆಗೂ ಇರುವುದು ಒಂದೇ ವರ್ಗದ ಲೆಕ್ಕ.

ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ: "ಸ್ಟೀಲಿಂದೇ ಮಾಡಿಸಿ ದೊಡ್ಡಪ್ಪ. ಎರಡು ನಿಮಿಷ ಹೆಚ್ಚು ಹಿಡೀಬಹುದು, ಅಷ್ಟೇ. ಆದ್ರೆ ವಾರಕ್ಕೊಂದ್ಸಲ ಅಡೀಲಿ ಮಸಿ ಕೆರೆಸಿ." ಫಿನ್ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೆಕ್ಕೆ ಸಂದೀಲಿ ಮಸಿ ಕೆರೆಯೋರ್ಯಾರು, ನೀನ್ ಬತ್ತೀಯಾ?" ಅಂದ್ರು.

ಹೋಗ್ತೀವಿ. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಜನ, ಲ್ಯಾಬಿನಿಂದ ಕೇಳಿ ಪಡೆದ ಎರಡು ಥರ್ಮೋಕಪಲ್ ತಗೊಂಡು. ಒಂದು ಒಲೆಯ ಗಾಳಿಗೆ, ಒಂದು ಹೊಗೆಗೂಡಿನ ಬಾಯಿಗೆ. ನಾವು ಹಿಡಿದ 900 ಡಿಗ್ರಿ, 60ರ ಗುಣಾಂಕ ಎಷ್ಟು ಸರಿ ಅಂತ ಮೊದಲು ನೋಡಬೇಕು. ಮಸಿ ಕೆರೆಯುವ ಮುಂಚೆ ಒಂದು ಕೊಪ್ಪರಿಗೆ, ಕೆರೆದ ಮೇಲೆ ಒಂದು ಕೊಪ್ಪರಿಗೆ, ಎರಡಕ್ಕೂ ಸಿಪ್ಪೆ ತೂಗಿ ಹಾಕುವುದು ಅಂತ ಮಾತಾಗಿದೆ. ಬರುವವರು ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಬೆಲ್ಲ ಬಿಸಿಬಿಸಿ ಸಿಗುತ್ತೆ.